ಮರುಭೂಮಿಯ ಬಿಸಿನೀರಿಗೆ ಸಾಗರದಿಂದ ಹೊರಟಿದ್ದು

ಬಿಸಿನೀರಿಗೆ ದುಡ್ಡು ಕೊಡುವ ರೂಢಿ ನಮ್ಮ ಕಡೆ ಇಲ್ಲ. ಸಾಗರ ಸೀಮೆಯ ಹಳ್ಳಿಮನೆಗಳಲ್ಲಿ ಈಗಲೂ ಬಚ್ಚಲಿನಲ್ಲಿ ಹಂಡೆ, ಹಂಡೆಯ ಅಡಿಯಲ್ಲಿ ಒಲೆ, ಒಲೆಗೆ ಅಡಿಕೆ ಸಿಪ್ಪೆಯೋ ಒಣ ಸೋಗೆಯೋ. ಮಳೆಗಾಲದಲ್ಲಿ ಆ ಒಲೆ ಆರುವುದೇ ಕಡಿಮೆ. ಹಾಗಾಗಿ ಕ್ಯಾಲಿಫೋರ್ನಿಯಾದಲ್ಲಿರುವ ಮಗಳು, "ಅಮ್ಮ, ಈ ಸಲ ನೀವಿಬ್ಬರೂ ಬಂದಾಗ ಮರುಭೂಮಿಯ ಬಿಸಿನೀರಿನ ರೆಸಾರ್ಟಿಗೆ ಹೋಗೋಣ" ಅಂದಾಗ ನಮ್ಮ ಮನೆಯವರು ಮೊದಲು ಕೇಳಿದ್ದು, "ರಾತ್ರಿಗೆ ಎಷ್ಟು?" ಅಂತ. ಅವಳು ಹೇಳಿದಳು. ಇವರು ಡಾಲರನ್ನು ರೂಪಾಯಿ ಮಾಡಿ, ರೂಪಾಯಿಯನ್ನು ಅಡಿಕೆ ಲೆಕ್ಕಕ್ಕೆ ತಂದು, ಫೋನನ್ನು ನನ್ನ ಕೈಗೆ ಕೊಟ್ಟು ಅಂಗಳಕ್ಕೆ ಹೋದರು.

ಹೊರಡುವ ಮೊದಲು

ಊರಿನ ಹೆಸರೇ ಡೆಸರ್ಟ್ ಹಾಟ್ ಸ್ಪ್ರಿಂಗ್ಸ್. ಲಾಸ್ ಏಂಜಲೀಸಿನಿಂದ ಪೂರ್ವಕ್ಕೆ ಸುಮಾರು 110 ಮೈಲಿ. ಅಲ್ಲಿ ಕೋಚೆಲ್ಲಾ ಕಣಿವೆ ಅಂತ ಉದ್ದಕ್ಕೆ ಚಾಚಿದ ಒಣ ಕಣಿವೆ ಇದೆ. ಕಣಿವೆಯ ಒಂದು ಬದಿಗೆ ಎಲ್ಲರಿಗೂ ಗೊತ್ತಿರುವ ಪಾಮ್ ಸ್ಪ್ರಿಂಗ್ಸ್, ಇನ್ನೊಂದು ಬದಿಯ ಇಳಿಜಾರಿನಲ್ಲಿ ಈ ಊರು. ಪಾಮ್ ಸ್ಪ್ರಿಂಗ್ಸ್‌ನಷ್ಟು ಥಳಕು ಇದಕ್ಕಿಲ್ಲ. ಆದರೆ ನೆಲದಡಿಯ ಬಿಸಿನೀರು ಹೇರಳ. ದೊಡ್ಡ ರೆಸಾರ್ಟುಗಳೂ ಇವೆ, ಐವತ್ತರ ದಶಕದ ಆಸುಪಾಸಿನಲ್ಲಿ ಕಟ್ಟಿದ, ಕೆಲವೇ ಕೋಣೆಗಳ ಸಣ್ಣ ಇನ್‌ಗಳೂ, ಅಂದರೆ ವಸತಿಗೃಹಗಳೂ, ಇವೆ.

ಮೊದಲ ತಲೆನೋವು ಯಾವಾಗ ಹೋಗುವುದು ಎನ್ನುವುದು. ಬೇಸಿಗೆಯಲ್ಲಿ ಅಲ್ಲಿ ಹಗಲು 40 ಡಿಗ್ರಿ ದಾಟುತ್ತದೆ. ಆಗ ಕೋಣೆ ಅಗ್ಗಕ್ಕೆ ಸಿಗುತ್ತದೆ ನಿಜ, ಆದರೆ ಆ ಬಿಸಿಲಲ್ಲಿ ಬಿಸಿನೀರಿಗೆ ಯಾರು ಇಳಿಯುತ್ತಾರೆ? ನವೆಂಬರಿನಿಂದ ಏಪ್ರಿಲ್ ತನಕ ಒಳ್ಳೆಯ ಕಾಲ. ಅದರಲ್ಲಿ ಜನವರಿವರೆಗೆ ನಮಗೆ ಕೊನೆ ಕೊಯ್ಲು (ಅಡಿಕೆ ಗೊನೆಗೆ ನಮ್ಮಲ್ಲಿ ಕೊನೆ ಅನ್ನುತ್ತೇವೆ), ಅಡಿಕೆ ಸುಲಿಯುವುದು, ಬೇಯಿಸುವುದು. ಮನೆ ಬಿಟ್ಟು ಅಲುಗಾಡುವ ಹಾಗಿಲ್ಲ. ಏಪ್ರಿಲಿನಲ್ಲಿ ಪಕ್ಕದ ಇಂಡಿಯೋ ಊರಿನಲ್ಲಿ ಕೋಚೆಲ್ಲಾ ಸಂಗೀತ ಉತ್ಸವ ನಡೆಯುತ್ತದೆ. ಆ ವಾರಾಂತ್ಯಗಳಲ್ಲಿ ಕಣಿವೆಯ ಕೋಣೆಗಳ ದರ ಎಲ್ಲೋ ಹೋಗಿರುತ್ತದೆ. ಉಳಿದದ್ದರಲ್ಲಿ ಆರಿಸಿಕೊಂಡದ್ದು ಮಾರ್ಚ್ ಮೊದಲ ಭಾಗ. ಮೆಣಸು ಕುಯ್ಯುವುದು ಅರ್ಧ ಬಾಕಿ ಇತ್ತು. ಅದನ್ನೂ, ತೋಟಕ್ಕೆ ನೀರು ಬಿಡುವುದನ್ನೂ ಮೈದುನ ವಹಿಸಿಕೊಂಡ. ಕರೆಂಟು ರಾತ್ರಿ ಬಂದರೂ ಎದ್ದು ಹೋಗಿ ಮೋಟಾರು ಹಾಕುತ್ತೇನೆ ಅಂತ ಅವನು ಮಾತು ಕೊಟ್ಟ ಮೇಲೆಯೇ ಇವರು ಟಿಕೆಟ್ ಮಾಡಿಸಲು ಒಪ್ಪಿದ್ದು.

ಎರಡನೆಯದು ಎಲ್ಲಿ ಉಳಿಯುವುದು. ಇದು ಇನ್ನೂ ಜಟಿಲ. ಅಲ್ಲಿ ಬಹಳ ಕಡೆ ಮಕ್ಕಳಿಗೆ ಪ್ರವೇಶವೇ ಇಲ್ಲ, ದೊಡ್ಡವರಿಗೆ ಮಾತ್ರ. ಆದ್ದರಿಂದ ಮೊಮ್ಮಗನನ್ನು ಅಳಿಯನ ಜೊತೆ ಮನೆಯಲ್ಲಿ ಬಿಟ್ಟು ನಾವು ಮೂವರೇ ಹೋಗುವುದು ಅಂತಾಯಿತು. ಒಂದು ಸಂಜೆ ವಿಡಿಯೋ ಕಾಲಿನಲ್ಲಿ ಮಗಳು ಒಂದೊಂದೇ ಜಾಗ ತೋರಿಸುತ್ತಿದ್ದಳು. ಒಂದರ ಚಿತ್ರ ಬಹಳ ಚೆನ್ನಾಗಿತ್ತು. ದರವೂ ಪರವಾಗಿಲ್ಲ. "ಇದೇ ಇರಲಿ" ಅಂದೆ. ಅವಳು ಕೆಳಗಿನ ನಿಯಮ ಓದುತ್ತಾ ಹೋದವಳು ಗಕ್ಕನೆ ನಿಂತಳು. "ಅಮ್ಮ, ಇಲ್ಲಿ ಬಟ್ಟೆ ಹಾಕಿಕೊಳ್ಳುವುದು ಬಿಡುವುದು ಬಂದವರ ಇಷ್ಟ ಅಂತೆ." ಇವರು ಅಲ್ಲೇ ಪೇಪರ್ ಓದುತ್ತಿದ್ದವರು ಪೇಪರನ್ನು ಇನ್ನೂ ಮೇಲಕ್ಕೆ ಎತ್ತಿ ಹಿಡಿದರು. ಅಂಥ ಜಾಗಗಳು ಆ ಊರಿನಲ್ಲಿ ಒಂದಕ್ಕಿಂತ ಹೆಚ್ಚು ಇವೆ. ಹೋಗುವವರು ಹೋಗಲಿ, ತಪ್ಪೇನಿಲ್ಲ. ಆದರೆ ಅಪ್ಪ-ಅಮ್ಮನನ್ನು ಕರೆದುಕೊಂಡು ಹೋಗುವವರು ಬುಕ್ ಮಾಡುವ ಮೊದಲು ನಿಯಮದ ಪುಟ ಕೊನೆವರೆಗೆ ಓದುವುದು ಒಳ್ಳೆಯದು.

ಕೊನೆಗೆ ಒಂದು ಲೆಕ್ಕಾಚಾರಕ್ಕೆ ಬಂದೆವು. ಎರಡು ರಾತ್ರಿ ಲಕ್ಸುರಿ ರೆಸಾರ್ಟು, ಮೂರನೆಯ ರಾತ್ರಿ ಅಡಿಗೆಕೋಣೆ ಇರುವ ಸಣ್ಣ ಇನ್. ಹೋಗುವುದು ಸೋಮವಾರ, ಬರುವುದು ಗುರುವಾರ, ಯಾಕೆಂದರೆ ಶುಕ್ರವಾರದಿಂದ ದರ ಏರುತ್ತದೆ. ಕೋಣೆಯ ಬಾಡಿಗೆ ಅಂತ ಮೊದಲು ಕಾಣುವ ಅಂಕಿಯನ್ನು ನಂಬಿ ಕೂರಬಾರದು. ಅದರ ಮೇಲೆ ತೆರಿಗೆ, ಅದರ ಮೇಲೆ ರೆಸಾರ್ಟ್ ಫೀ, ಊಟಕ್ಕೆ ಕೂತರೆ ಬಿಲ್ಲಿನ ಐದನೇ ಒಂದು ಪಾಲಿನಷ್ಟು ಟಿಪ್ಸು. ಇದನ್ನೆಲ್ಲ ಮಗಳು ಒಂದು ಹಾಳೆಯಲ್ಲಿ ಬರೆದು ಫೋಟೋ ಕಳಿಸಿದಳು. ಇವರು ಅದನ್ನು ಓದಿ, "ಅಂತೂ ಹಂಡೆಯ ಬೆಲೆ ಈಗ ಗೊತ್ತಾಯ್ತು" ಅಂದರು.

ಬಟ್ಟೆಯ ವಿಷಯ ಬಾಕಿ ಇತ್ತು. ಅಲ್ಲಿಯ ಕೊಳಗಳಿಗೆ ಸೀರೆ, ನೈಟಿ, ಕಾಟನ್ ಚೂಡಿದಾರ್ ಹಾಕಿ ಇಳಿಯುವಂತಿಲ್ಲ. ಈಜುಡುಪೇ ಬೇಕು. ಮೊಣಕಾಲಿನ ಕೆಳಗಿನವರೆಗೂ ಬರುವ, ತೋಳು ಇರುವ ಈಜುಡುಪುಗಳು ಆನ್‌ಲೈನಿನಲ್ಲಿ ಸಿಗುತ್ತವೆ. ತರಿಸಿಕೊಂಡೆ. ಮನೆಯಲ್ಲಿ ಒಮ್ಮೆ ಹಾಕಿ ನೋಡಿದೆ, ಬಾಗಿಲಿಗೆ ಚಿಲಕ ಹಾಕಿ. ಸಾಗರದ ಡಾಕ್ಟರರಿಗೆ ಬಿಪಿ ತೋರಿಸಿದಾಗ ಅವರು ಹೇಳಿದ್ದಿಷ್ಟು: ಒಂದು ಸಲಕ್ಕೆ ಹದಿನೈದು ನಿಮಿಷ ಸಾಕು, ನೀರು ಚೆನ್ನಾಗಿ ಕುಡಿಯಿರಿ, ತಲೆ ಹಗುರ ಅನ್ನಿಸಿದರೆ ತಕ್ಷಣ ಮೇಲೆ ಬನ್ನಿ. ವೀಸಾ ಹಿಂದಿನ ಸಲದ್ದೇ ಇತ್ತು. ಪ್ರಯಾಣದ ವಿಮೆ ಮಾತ್ರ ಬಿಡಬೇಡಿ. ವಯಸ್ಸಾದವರು ಅಮೆರಿಕದಲ್ಲಿ ಆಸ್ಪತ್ರೆ ಸೇರಿದರೆ ಬರುವ ಬಿಲ್ಲಿಗೆ ಯಾವ ತೋಟವೂ ಸಾಲದು.

ತಾಳಗುಪ್ಪದಿಂದ ಬರುವ ರಾತ್ರಿ ರೈಲು ಹತ್ತಿ ಬೆಂಗಳೂರು, ಅಲ್ಲಿಂದ ವಿಮಾನ. ಆ ಭಾಗ ಎಲ್ಲರಿಗೂ ಗೊತ್ತಿರುವುದೇ. ಕಾಲು ಊದಿಕೊಳ್ಳುತ್ತದೆ, ನಿದ್ದೆ ಬರುವುದಿಲ್ಲ. ಮಗಳ ಮನೆಯಲ್ಲಿ ಒಂದು ವಾರ ನಿದ್ದೆ ಸರಿಮಾಡಿಕೊಂಡು ಹೊರಟೆವು.

ಸೋಮವಾರ

ಮಗಳು ಕಾರು ಓಡಿಸಿದಳು. ಊರುಗಳು ಮುಗಿದ ಮೇಲೆ ರಸ್ತೆ ಎರಡು ದೊಡ್ಡ ಬೆಟ್ಟಗಳ ನಡುವಿನ ಕಂಡಿಗೆ ನುಗ್ಗುತ್ತದೆ. ಎಡಕ್ಕೆ ಸ್ಯಾನ್ ಗೊರ್ಗೋನಿಯೋ, 11,503 ಅಡಿ. ಬಲಕ್ಕೆ ಸ್ಯಾನ್ ಹಸಿಂಟೋ, 10,834 ಅಡಿ. ಎರಡರ ತಲೆಯ ಮೇಲೂ ಹಿಮ. ಕಂಡಿ ತುಂಬ ಗಾಳಿಯಂತ್ರಗಳು. ಚಿತ್ರದುರ್ಗದ ಗುಡ್ಡಗಳ ಮೇಲೆ ಇರುವಂಥವೇ, ಆದರೆ ಇಲ್ಲಿ ಬಯಲಿನಲ್ಲಿ ಒತ್ತೊತ್ತಾಗಿ ಸಾಲು ನಿಂತಿವೆ. ಸಮುದ್ರದ ಕಡೆಯ ತಂಪು ಗಾಳಿ ಮರುಭೂಮಿಯ ಬಿಸಿಯ ಕಡೆಗೆ ಈ ಕಂಡಿಯಿಂದಲೇ ನುಗ್ಗಬೇಕು. ಕಾರಿನ ಬಾಗಿಲು ತೆರೆದರೆ ಕೈಯಿಂದ ಕಿತ್ತುಕೊಳ್ಳುವಷ್ಟು ರಭಸ.

ಮೋಡಗಳನ್ನು ಈ ಬೆಟ್ಟಗಳೇ ತಡೆದು ಆಚೆ ಬದಿಯಲ್ಲೇ ಮಳೆ ಇಳಿಸಿಬಿಡುತ್ತವೆ. ನಮ್ಮ ಘಟ್ಟದ ಕೆಲಸವೂ ಅದೇ ಅಲ್ವಾ? ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಸುರಿಸಿ ಚಿತ್ರದುರ್ಗಕ್ಕೆ ಬರಿಗೈ. ಇಲ್ಲಿ ಅದರ ಅತಿರೇಕ. ಪಾಮ್ ಸ್ಪ್ರಿಂಗ್ಸ್‌ನಲ್ಲಿ ವರ್ಷದ ಮಳೆ ಸುಮಾರು ಐದು ಇಂಚು. "ನಮ್ಮಲ್ಲಿ ಆಷಾಢದಲ್ಲಿ ಒಂದೇ ದಿನ ಬಿದ್ದದ್ದುಂಟು" ಅಂದರು ಇವರು. ಮಳೆಮಾಪಕ ಇಟ್ಟು ಡೈರಿ ಬರೆಯುವವರು, ಸುಮ್ನೆ ಹೇಳುವ ಮಾತಲ್ಲ.

ರೆಸಾರ್ಟಿನ ಗೇಟಿನೊಳಗೆ ಹೋದರೆ ಗಾಳಿ ತಗ್ಗುತ್ತದೆ. ಸುತ್ತ ಎತ್ತರದ ಗಿಡಗಳ ಬೇಲಿ, ಒಳಗೆ ಬೀಸಣಿಗೆ ಎಲೆಯ ಪಾಮ್ ಮರಗಳು, ನಡುವೆ ಕೊಳಗಳು. ಕೋಣೆ ಸಿಗುವುದು ಮಧ್ಯಾಹ್ನ ಮೂರರ ಮೇಲೆ. ಅದಕ್ಕಿಂತ ಮೊದಲೇ ನೀರಿಗೆ ಇಳಿಯಬಹುದು ಅಂದರು. ಕೈಗೆ ಬಿಳಿ ಟವೆಲ್ ಅಂಗಿ ಕೊಟ್ಟರು. ಇಲ್ಲಿ ಎಲ್ಲರೂ ಅದರಲ್ಲೇ ಇರುತ್ತಾರೆ. ಅಂಗಳದಲ್ಲೂ ಅದೇ, ಊಟದ ಮನೆಯಲ್ಲೂ ಅದೇ. ಇವರಿಗೆ ಮೊದಲ ಸಲ ಈ ಜಾಗ ಹಿಡಿಸಿದ್ದು ಆಗ. ಊರಿನಲ್ಲಿ ಪಂಚೆ-ಟವೆಲ್ಲಿನಲ್ಲೇ ದಿನ ಕಳೆಯುವವರಿಗೆ ಇನ್ನೇನು ಬೇಕು?

ಇಳಿಯುವ ಮೊದಲು ಶವರಿನಲ್ಲಿ ಮೈ ತೊಳೆಯಬೇಕು. ಎಣ್ಣೆ ಹಚ್ಚಿಕೊಂಡು ಇಳಿಯುವಂತಿಲ್ಲ. ಜೋರಾಗಿ ಮಾತಾಡುವಂತಿಲ್ಲ, ಕೊಳದ ಹತ್ತಿರ ಫೋನ್ ತರುವಂತಿಲ್ಲ. ನೀರು 104 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 40 ಡಿಗ್ರಿ ಸೆಲ್ಸಿಯಸ್. ನಮ್ಮ ಬಚ್ಚಲಿನ ಲೆಕ್ಕದಲ್ಲಿ ಇದು ಬಿಸಿಯೇ ಅಲ್ಲ, ಮಗುವಿಗೆ ಹದ ಮಾಡಿದ ನೀರು. ಆದರೆ ನಮ್ಮಲ್ಲಿ ನೀರನ್ನು ಮೈಮೇಲೆ ಹುಯ್ದುಕೊಳ್ಳುತ್ತೇವೆ, ಹುಯ್ದ ನೀರು ಇಳಿದು ಹೋಗುತ್ತದೆ. ಇಲ್ಲಿ ಕುತ್ತಿಗೆವರೆಗೆ ಮುಳುಗಿ ಕೂರಬೇಕು. ಐದು ನಿಮಿಷಕ್ಕೆ ಹಾಯೆನಿಸಿತು, ಹತ್ತಕ್ಕೆ ಹಣೆಯಲ್ಲಿ ಬೆವರು, ಹದಿನೈದಕ್ಕೆ ಡಾಕ್ಟರರ ಮಾತು ನೆನಪಾಯಿತು. ಎದ್ದು ನೆರಳಿನಲ್ಲಿ ಕೂತು ನೀರು ಕುಡಿದು, ಮತ್ತೆ ಇಳಿಯುವುದು. ದಿನವಿಡೀ ಮಾಡುವ ಕೆಲಸ ಇದೇ.

ಗಂಧಕದ ವಾಸನೆ ಇರಬಹುದು ಅಂದುಕೊಂಡಿದ್ದೆ. ಬಿಸಿನೀರಿನ ಬುಗ್ಗೆ ಅಂದರೆ ಎಷ್ಟೋ ಕಡೆ ಕೊಳೆತ ಮೊಟ್ಟೆಯ ನಾತ. ಇಲ್ಲಿಯ ನೀರಿಗೆ ವಾಸನೆಯೇ ಇಲ್ಲ, ಈ ಊರು ಹೆಮ್ಮೆಯಿಂದ ಹೇಳಿಕೊಳ್ಳುವುದೂ ಅದನ್ನೇ.

ಮಸಾಜಿಗೆ ಮಗಳು ಮೊದಲೇ ಹೆಸರು ಕೊಟ್ಟಿದ್ದಳು. ಮಂದ ದೀಪ, ಲ್ಯಾವೆಂಡರ್ ಎಣ್ಣೆ, ಮೆಲುವಾದ ಸಂಗೀತ. ಚೆನ್ನಾಗಿತ್ತು. ಆದರೆ ನಮ್ಮೂರಿನಲ್ಲಿ ಬಾಣಂತಿ ಮೀಯಿಸಲು ಬರುವವಳ ಕೈಯ ಬಲ ಆ ಕೈಗಿಲ್ಲ. ಅವಳ ಕೈ ಬಿದ್ದರೆ ಮೂಳೆಯೇ ಮಾತಾಡುತ್ತಿತ್ತು. ಹಣ ಉಳಿಸಬೇಕು ಅಂದರೆ ಮೊದಲು ಬಿಡಬೇಕಾದ್ದು ಮಸಾಜು.

ಮಂಗಳವಾರ

ಬೆಳಿಗ್ಗೆ ಮ್ಯೂಸಿಯಮ್ಮಿಗೆ. ಕ್ಯಾಬಟ್ ಯೆರ್ಕ್ಸಾ ಎಂಬಾತ ಕಟ್ಟಿದ ಮನೆ. ಮಾರ್ಗದರ್ಶಕರ ಜೊತೆ ಮನೆಯ ಒಳಗೆ ನೋಡಬೇಕಾದರೆ ಮುಂಚೆ ಬುಕ್ ಮಾಡಿಕೊಳ್ಳುವುದು ಒಳ್ಳೆಯದು. ನನ್ನನ್ನು ಕೇಳಿದರೆ ಈ ಊರಿಗೆ ಬಂದು ಇದನ್ನು ನೋಡದೆ ಹೋಗಬಾರದು. ಕೊಳದಲ್ಲಿ ಕೂತ ನೀರು ಎಲ್ಲಿಂದ ಬಂತು ಅಂತ ತಿಳಿಯುವುದು ಇಲ್ಲೇ.

ಕ್ಯಾಬಟ್ 1913ರಲ್ಲಿ ಬಂದ. ಆಗ ಇಲ್ಲಿ ಊರಿಲ್ಲ. ನೆಲೆಸಿ ಸಾಗುವಳಿ ಮಾಡುವವರಿಗೆ ಸರ್ಕಾರ ಕೊಡುತ್ತಿದ್ದ ಹೋಮ್‌ಸ್ಟೆಡ್ ಜಮೀನು 160 ಎಕರೆ ಹಿಡಿದ. ಕುಡಿಯುವ ನೀರು ಬೇಕಾದರೆ ರೈಲು ನಿಲ್ದಾಣದವರೆಗೆ ಮೈಲಿಗಟ್ಟಲೆ ನಡೆಯಬೇಕು. ಜೊತೆಗಿದ್ದದ್ದು ಒಂದು ಕತ್ತೆ, ಅದರ ಹೆಸರು ಮೆರಿ ಕ್ರಿಸ್‌ಮಸ್. ಸಾಕಾಗಿ ಹಾರೆ-ಗುದ್ದಲಿ ಹಿಡಿದು ಬಾವಿ ತೋಡಿದ. ಬಂದದ್ದು ಬಿಸಿನೀರು. ಸ್ವಲ್ಪ ದೂರದಲ್ಲಿ ಇನ್ನೊಂದು ಬಾವಿ ತೋಡಿದ. ಅಲ್ಲಿ ತಣ್ಣೀರು. ಆ ದಿಬ್ಬಕ್ಕೆ ಮಿರಾಕಲ್ ಹಿಲ್ ಎಂದು ಹೆಸರಿಟ್ಟ.

ಕಾರಣ ನೆಲದ ಬಿರುಕು. ಸ್ಯಾನ್ ಆಂಡ್ರಿಯಾಸ್ ಎಂಬ ಪ್ರಸಿದ್ಧ ಭೂಸ್ತರಭಂಗದ ಒಂದು ಕವಲು, ಮಿಷನ್ ಕ್ರೀಕ್ ಭಂಗ, ಇದೇ ಊರಿನ ಕೆಳಗೆ ಹಾದುಹೋಗುತ್ತದೆ. ಎರಡು ಬದಿಯ ನೆಲ ಉಜ್ಜಿ ಉಜ್ಜಿ ನಡುವಿನ ಕಲ್ಲು ಹಿಟ್ಟಾಗಿದೆ. ಆ ಹಿಟ್ಟು ನೆಲದಡಿಯಲ್ಲಿ ಗೋಡೆಯ ಕೆಲಸ ಮಾಡುತ್ತದೆ, ಈಚೆಯ ನೀರನ್ನು ಆಚೆಗೆ ಬಿಡುವುದಿಲ್ಲ. ಈಶಾನ್ಯದ ಬದಿಯಲ್ಲಿ, ಆಳಕ್ಕೆ ಇಳಿದು ಕಾದ ನೀರು ಬಿರುಕಿನ ಗುಂಟ ಮೇಲೆ ಬರುತ್ತದೆ. ನೈಋತ್ಯದ ಬದಿಯಲ್ಲಿ ಕುಡಿಯುವ ತಣ್ಣೀರು. ಇಲ್ಲಿ ಜ್ವಾಲಾಮುಖಿ ಇಲ್ಲ, ಭೂಮಿಯ ಆಳದ ಕಾವೇ ಸಾಕು. ಆ ತಣ್ಣೀರಿಗೆ ನೀರಿನ ರುಚಿಯ ಸ್ಪರ್ಧೆಗಳಲ್ಲಿ ಬಹುಮಾನವೂ ಬಂದಿದೆ. ನಲ್ಲಿಯಿಂದ ಹಿಡಿದು ಕುಡಿದೆ. ನಮ್ಮ ತೋಟದ ತಲೆಯಲ್ಲಿ ಗುಡ್ಡದಿಂದ ಹರಿದು ಬರುವ ಅಬ್ಬಿ ನೀರಿನ ಮುಂದೆ ಬಹುಮಾನ ಕೊಡುವಷ್ಟೇನೂ ಅನ್ನಿಸಲಿಲ್ಲ. ಇದು ಪಕ್ಷಪಾತ, ಇರಲಿ.

ಬಿರುಕಿಗೆ ಬೆಲೆಯೂ ಇದೆ. 1948ರಲ್ಲಿ, ಮತ್ತೆ 1986ರಲ್ಲಿ ಈ ಭಾಗ ಆರರ ಆಸುಪಾಸಿನ ತೀವ್ರತೆಯಲ್ಲಿ ನಡುಗಿತು. ಬಿಸಿನೀರು ಕೊಡುವ ನೆಲವೇ ಮನೆಯನ್ನೂ ಅಲುಗಿಸುತ್ತದೆ.

ಕ್ಯಾಬಟ್ ತನ್ನ ಮನೆಯನ್ನು 1941ರಲ್ಲಿ ಶುರುಮಾಡಿ 1965ರಲ್ಲಿ ಸಾಯುವವರೆಗೂ ಕಟ್ಟುತ್ತಲೇ ಇದ್ದ. ಮಣ್ಣಿನ ಗೋಡೆ, 35 ಕೋಣೆ, ಒಂದಕ್ಕೊಂದು ಹೊಂದದ ಕಿಟಕಿಗಳು. ಅಲ್ಲಿ ಇಲ್ಲಿ ಬಿಸಾಡಿದ ಮರ, ಗಾಜು, ಕಂಬಗಳನ್ನು ತಂದು ಜೋಡಿಸಿದ್ದು. ನಮ್ಮ ಮನೆಯವರು ಗೋಡೆ ಮುಟ್ಟಿ ನೋಡಿ, "ಮಳೆ ಇಲ್ಲದ ಊರಲ್ಲಿ ಏನೂ ಕಟ್ಟಬಹುದು ಬಿಡು" ಅಂದರು. ಮಲೆನಾಡಿನಲ್ಲಿ ಈ ಮನೆ ಎರಡು ಮಳೆಗಾಲ ನಿಲ್ಲುತ್ತಿರಲಿಲ್ಲ.

ಮಧ್ಯಾಹ್ನದಿಂದ ಮತ್ತೆ ಕೊಳ. ಸಂಜೆ ಗಾಳಿ ಎದ್ದಿತು. ಹೊರಗೆ ನಡುಕ, ನೀರೊಳಗೆ ಬೆಚ್ಚಗೆ. ಮಾರ್ಚಿನಲ್ಲೂ ರಾತ್ರಿಗೆ ಸ್ವೆಟರು ಬೇಕು. ರೆಸಾರ್ಟಿನ ಊಟದಲ್ಲಿ ಸಸ್ಯಾಹಾರಿಗಳಿಗೆ ಕೊರತೆ ಇಲ್ಲ. ಬೆಣ್ಣೆಹಣ್ಣು, ಬೀನ್ಸು, ಬೇಯಿಸಿದ ತರಕಾರಿ, ಬಣ್ಣಬಣ್ಣದ ಸೊಪ್ಪು. ಆದರೆ ಎರಡು ದಿನಕ್ಕೆ ನಾಲಿಗೆ ಹುಳಿ-ಖಾರಕ್ಕೆ ಹಾತೊರೆಯಿತು. ಕೋಣೆಗೆ ಬಂದು ಮೂವರೂ ಅವಲಕ್ಕಿಗೆ ಮಿಡಿ ಉಪ್ಪಿನಕಾಯಿಯ ರಸ ಕಲೆಸಿ ತಿಂದೆವು.

ಬುಧವಾರ

ಇಂಡಿಯೋ ಊರಿನ ಖರ್ಜೂರದ ತೋಟಗಳಿಗೆ ಹೋದದ್ದು ಇವರ ಹಠಕ್ಕೆ. ಬಿಸಿನೀರಿಗಿಂತ ಹೆಚ್ಚು ಹೊತ್ತು ಇವರು ನಿಂತದ್ದು ಇಲ್ಲಿ. ರಸ್ತೆಯ ಎರಡೂ ಕಡೆ ಸಾಲುಸಾಲು ಮರ. ಎಲ್ಲ ಒಂದೇ ಅಂತರ, ಬುಡದಲ್ಲಿ ಕೊಲರಾಡೋ ನದಿಯಿಂದ ಕಾಲುವೆಯಲ್ಲಿ ಬಂದ ನೀರು. ಖರ್ಜೂರದ ಮರಕ್ಕೆ ಕಾಲು ನೀರಿನಲ್ಲಿರಬೇಕು, ತಲೆ ಬೆಂಕಿಯಲ್ಲಿರಬೇಕು ಅಂತ ಅರಬರು ಹೇಳುತ್ತಾರಂತೆ. ಅಡಿಕೆಗೆ ಇದರ ಅರ್ಧ ಬಿಸಿಲು ತಾಗಿದರೂ ಕಾಂಡ ಸೀಳುತ್ತದೆ. ಪಡುವಣ ಬಿಸಿಲಿಗೆ ಸಿಗುವ ಮರಗಳಿಗೆ ನಾವು ಸುಣ್ಣ ಬಳಿಯುತ್ತೇವೆ, ಸೋಗೆ ಕಟ್ಟುತ್ತೇವೆ.

ಮಾರ್ಚ್ ಪರಾಗ ಕಟ್ಟುವ ಕಾಲ. ಖರ್ಜೂರದಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಅಡಿಕೆಯ ಒಂದೇ ಸಿಂಗಾರದಲ್ಲಿ ಎರಡೂ ಹೂ ಇರುತ್ತವೆ, ಕೆಲಸ ತಾನಾಗಿ ಆಗುತ್ತದೆ. ಇಲ್ಲಿ ಆಳುಗಳು ಗಂಡು ಮರದ ಹೂವಿನ ಪರಾಗ ತೆಗೆದು, ಏಣಿ ಹತ್ತಿ, ಒಂದೊಂದೇ ಹೆಣ್ಣು ಗೊಂಚಲಿಗೆ ಉದುರಿಸಬೇಕು. ನಲವತ್ತು ಐವತ್ತು ಹೆಣ್ಣು ಮರಗಳಿಗೆ ಒಂದು ಗಂಡು ಮರ ಸಾಕು. ಅದಕ್ಕೂ ಮೊದಲು ಗರಿಗಳ ಬುಡದ ಮುಳ್ಳು ಸವರಬೇಕು. ಕಾಯಿ ಬಲಿಯುವಾಗ ಮತ್ತೆ ಹತ್ತಿ ಗೊಂಚಲಿಗೆ ಚೀಲ ತೊಡಿಸಬೇಕು, ಹಕ್ಕಿಗೂ ಮಳೆಗೂ ಕಾಪು. ಇದನ್ನು ಕೇಳಿ ಇವರು ನನ್ನ ಕಡೆ ತಿರುಗಿದರು. "ಕೊಟ್ಟೆ ಕಟ್ಟುವುದು!" ನಮ್ಮಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು ಬರುವ ಮೊದಲು ಕೊನೆಗಳಿಗೆ ಕರಡದ, ಅಂದರೆ ಒಣಹುಲ್ಲಿನ, ಕೊಟ್ಟೆ ಕಟ್ಟುತ್ತಿದ್ದರು. ಇಲ್ಲಿ ಅದೇ ಕೆಲಸ, ಕಾಗದ-ಬಟ್ಟೆಯ ಚೀಲದಲ್ಲಿ. ಏಣಿಯ ಮೇಲಿದ್ದವನನ್ನು ಇವರು ಕತ್ತೆತ್ತಿ ಬಹಳ ಹೊತ್ತು ನೋಡಿದರು. ನಮ್ಮಲ್ಲಿ ಮರ ಹತ್ತಿ ಕೊನೆ ಇಳಿಸುವ ಕೊನೆಗೌಡರು ಸಿಗುವುದೇ ಕಷ್ಟವಾಗಿ, ನೆಲದಲ್ಲೇ ನಿಂತು ಕೊಯ್ಯುವ ಉದ್ದನೆಯ ಫೈಬರ್ ದೋಟಿ ಬಂದಿದೆ. ಮರ ಹತ್ತುವ ಜನ ಇಲ್ಲೂ ಮುಂದೆ ಸಿಗುತ್ತಾರಾ ಅನ್ನುವುದು ಇವರ ಚಿಂತೆ.

1924ರಲ್ಲಿ ಶುರುವಾದ ಶೀಲ್ಡ್ಸ್ ಡೇಟ್ ಗಾರ್ಡನ್ನಿನಲ್ಲಿ ಖರ್ಜೂರದ ಮಿಲ್ಕ್‌ಶೇಕ್ ಕುಡಿದೆವು. ಒಂದನ್ನು ಮೂವರು ಹಂಚಿಕೊಳ್ಳಿ, ಅಷ್ಟು ಸಿಹಿ. ಮೆಡ್ಜೂಲ್ ಜಾತಿಯ ಸಸಿಗಳು 1927ರಲ್ಲಿ ಮೊರಾಕೋದಿಂದ ಅಮೆರಿಕಕ್ಕೆ ಬಂದವು. ಊರಿಗೆ ಒಯ್ಯಲು ಅದನ್ನೇ ಕೊಂಡೆವು.

ಸಂಜೆ ಸಣ್ಣ ಇನ್ನಿಗೆ ಬಂದೆವು. ಅಂಗಳದ ನಡುವೆ ಒಂದು ಕೊಳ, ಸುತ್ತ ಕೋಣೆಗಳು, ಅಷ್ಟೆ. ಟವೆಲ್ ಒರಟು, ಕುರ್ಚಿಯ ಬಣ್ಣ ಹೋಗಿದೆ. ನೋಡಿಕೊಳ್ಳುವ ಹೆಂಗಸು ಬಹಳ ಸ್ನೇಹದವರು. ಬಾವಿಯಿಂದ ಬರುವ ನೀರು ಮೈಗೆ ತಡೆಯಲಾರದಷ್ಟು ಬಿಸಿ, ಅದನ್ನು ತಣಿಸಿ ಕೊಳಕ್ಕೆ ಬಿಡುತ್ತೇವೆ ಎಂದರು. ನೀರು ತಣಿಸುವುದಕ್ಕೂ ಒಂದು ವ್ಯವಸ್ಥೆ! ಇಳಿದು ಕೂತೆ. ರೆಸಾರ್ಟಿನ ಕೊಳಕ್ಕೂ ಇದಕ್ಕೂ ಚರ್ಮಕ್ಕೆ ತಿಳಿಯುವ ವ್ಯತ್ಯಾಸ ಏನೂ ಇಲ್ಲ. ಎರಡೂ ಅದೇ ಬಿರುಕಿನ ನೀರು. ಇಲ್ಲಿ ಪಕ್ಕದ ಕೋಣೆಯ ಅಜ್ಜಿಯೊಬ್ಬರು ಮಾತಿಗೂ ಸಿಕ್ಕಿದರು, ಪಿಸುಗುಡಬೇಕೆಂಬ ನಿಯಮ ಇರಲಿಲ್ಲ. ರಾತ್ರಿ ಅಡಿಗೆಕೋಣೆಯಲ್ಲಿ ಅನ್ನ, ಮೆಂತ್ಯದ ತಂಬುಳಿ, ಸುಟ್ಟ ಹಪ್ಪಳ. ಹಪ್ಪಳ ಸುಡುವಾಗ ಕಿಟಕಿ ತೆಗೆದಿಡಿ. ಹೊಗೆಯ ಅಲಾರಂ ಬಹಳ ಸೂಕ್ಷ್ಮ.

ಗುರುವಾರ

ಜೋಶುವಾ ಟ್ರೀ ರಾಷ್ಟ್ರೀಯ ಉದ್ಯಾನ ಹತ್ತಿರವೇ ಇದೆ, ಮುಕ್ಕಾಲು ಗಂಟೆ. 1994ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಬಂಡೆ, ಮುಳ್ಳು, ಮರದ ಹಾಗೆ ಕಾಣುವ ಆದರೆ ಯುಕ್ಕಾ ಜಾತಿಗೆ ಸೇರಿದ ಗಿಡಗಳು. ಕೀಸ್ ವ್ಯೂ ಎಂಬ ಗುಡ್ಡದಿಂದ ಕಣಿವೆ ಪೂರ್ತಿ ಕಾಣುತ್ತದೆ. ಸ್ಯಾನ್ ಆಂಡ್ರಿಯಾಸ್ ಬಿರುಕು ಹಾದುಹೋಗುವ ಗೆರೆಯನ್ನೂ ಫಲಕ ನೋಡಿ ಗುರುತಿಸಬಹುದು. ನನಗೆ ಅಷ್ಟು ಸಾಕಾಯಿತು. ಮಗಳಿಗೆ ಇನ್ನೂ ಸುತ್ತುವ ಆಸೆ, ನಮ್ಮ ಮಂಡಿಗೆ ಆಗಲಿಲ್ಲ.

ದಾರಿಯಲ್ಲಿ ಇವರು ಲೆಕ್ಕ ಹಾಕಿದರು. ರೆಸಾರ್ಟಿನ ಒಂದು ರಾತ್ರಿಯ ದುಡ್ಡಿನಲ್ಲಿ ಇನ್ನಿನಲ್ಲಿ ಎರಡು ರಾತ್ರಿ ಉಳಿದು, ಊಟಕ್ಕೂ ಚಿಲ್ಲರೆ ಮಿಗುತ್ತಿತ್ತು. "ಹಾಗಾದರೆ ರೆಸಾರ್ಟು ದಂಡವಾ ಅಪ್ಪಯ್ಯ?" ಅಂತ ಮಗಳು ಕೇಳಿದಳು. "ದಂಡ ಅಲ್ಲ. ಅಲ್ಲಿ ದುಡ್ಡು ಕೊಟ್ಟಿದ್ದು ನೀರಿಗಲ್ಲ, ಸದ್ದಿಲ್ಲದ್ದಕ್ಕೆ. ನಮಗೆ ಅದು ತೋಟದಲ್ಲಿ ಪುಕ್ಕಟೆ ಸಿಗುತ್ತದೆ. ನಿನಗೆ ಬೇಕಿತ್ತು" ಅಂದರು.

ನೀವು ಹೋಗುವುದಾದರೆ ಉಳಿಯುವುದು ಇನ್ನಿನಲ್ಲಿರಲಿ. ದೊಡ್ಡ ರೆಸಾರ್ಟನ್ನು ನೋಡಲೇಬೇಕು ಅಂದರೆ ಕೆಲವು ಕಡೆ ಹಗಲಿನ ಪಾಸು ಕೊಡುತ್ತಾರೆ, ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ಶನಿವಾರ, ಭಾನುವಾರದ ಪಾಸಿಗೆ ಬೇಡಿಕೆ ಜಾಸ್ತಿ, ವಾರದ ನಡುವಿನದು ಸಲೀಸು.